ಒಂದು ಬಿಟ್ಟು ಒಂದು ನೋಡಿದರೆ

ಸಂಖ್ಯೆಗಳ ಸಾಲಿನಲ್ಲಿ ಬಿಟ್ಟುಹೋದ ಸಂಖ್ಯೆ ಹುಡುಕಲು ಮೊದಲು ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ಬರೆಯಿರಿ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಒಪ್ಪುತ್ತೇನೆ. 3, 7, 15, 31 ಕೊಟ್ಟರೆ ವ್ಯತ್ಯಾಸ 4, 8, 16. ಮುಂದೆ 32 ಕೂಡಿಸಿದರೆ ಉತ್ತರ 63.

ಆದರೆ ಮಕ್ಕಳು ಜಾಸ್ತಿ ಎಡವುವುದು ಬೇರೆ ಕಡೆ. ಮೊನ್ನೆ ನನ್ನ ಮಗಳು 4, 30, 7, 25, 10, 20 ಆದ ಮೇಲೆ ಏನು ಅಂತ ತುಂಬಾ ಹೊತ್ತು ಒದ್ದಾಡಿದಳು. ವ್ಯತ್ಯಾಸ ಬರೆದು ಬರೆದು ಅಳಿಸಿದಳು. ಪಾಪ, ಹಾಳೆಯೇ ಹರಿಯಿತು. ಒಂದು ಬಿಟ್ಟು ಒಂದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕು ಎಂದೆ. 4, 7, 10 ಕಂಡಿತು. "ಅಯ್ಯೋ, ಇಲ್ಲಿ ಎರಡು ಸಾಲು ಇದೆ!" ಎಂದು ಕೂಗಿ 13 ಬರೆದಳು. ಉಳಿದ 30, 25, 20 ಐದೈದು ಇಳಿಯುವುದನ್ನೂ ಅವಳೇ ಹೇಳಿದಳು.

ತ್ರಿಕೋನದ ಚಿತ್ರಗಳಲ್ಲಿ ಸಂಖ್ಯೆಗಳನ್ನು ಬರೆದು ಒಂದನ್ನು ಬಿಟ್ಟಿರುವ ಲೆಕ್ಕಗಳೂ ಇರುತ್ತವೆ. ಅವುಗಳಲ್ಲಿ ಮೊದಲ ಚಿತ್ರದಲ್ಲಿ ಸಿಕ್ಕ ನಿಯಮ ಎರಡನೆಯದಕ್ಕೂ ಹೊಂದಬೇಕು, ಅಷ್ಟೇ.

ಇನ್ನೊಂದು ಮಾತು. 1, 2, 4 ಆದ ಮೇಲೆ 8 ಬರಬಹುದು, 7 ಕೂಡ ಬರಬಹುದು ಅಲ್ವಾ? ದುಪ್ಪಟ್ಟು ಮಾಡಿದರೆ 8. ಒಂದು, ಎರಡು, ಮೂರು ಅಂತ ಕೂಡಿಸುತ್ತಾ ಹೋದರೆ 7. ಮಗು 7 ಬರೆದರೆ ಸುಮ್ನೆ ತಪ್ಪು ಹಾಕಬೇಡಿ. ಯಾಕೆ ಎಂದು ಕೇಳಿ. ಆಯ್ಕೆಗಳಲ್ಲಿ ಎರಡೂ ಇದ್ದರೆ ಆ ಪ್ರಶ್ನೆಯೇ ಸರಿಯಿಲ್ಲ.