ಹೆಫೀಸ್ಟಸ್ ಆಗಲು ಯಾರೂ ಒಪ್ಪುವುದಿಲ್ಲ

ಗಂಡಸರ ಸ್ವಭಾವವನ್ನು ಗ್ರೀಕ್ ದೇವರುಗಳ ಹೆಸರಿನಲ್ಲಿ ವಿಂಗಡಿಸುವ ಪದ್ಧತಿಯೊಂದಿದೆ. ಮನುಷ್ಯರೆಲ್ಲರ ಮನಸ್ಸಿನ ಆಳದಲ್ಲಿ ಕೆಲವು ಮೂಲಮಾದರಿಗಳು ನೆಲೆಸಿರುತ್ತವೆ, ಪುರಾಣದ ದೇವತೆಗಳು ಅವು ತೊಟ್ಟ ವೇಷಗಳು ಎಂಬುದು ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್‌ನ ವಿಚಾರ. ಆ ಎಳೆಯನ್ನೇ ಹಿಡಿದು ಅಮೆರಿಕದ ಮನೋವೈದ್ಯೆ ಜೀನ್ ಶಿನೋಡ ಬೋಲೆನ್ 1989ರಲ್ಲಿ ಎಂಟು ದೇವರುಗಳನ್ನು ಗಂಡಸಿನ ಎಂಟು ಬಗೆಗಳಾಗಿ ವಿವರಿಸಿದರು. ಆಳುವ ಜೀಯಸ್, ಉಕ್ಕಿ ಹರಿಯುವ ಪೊಸೈಡನ್, ಒಳಮುಖಿ ಹೇಡೀಸ್, ಶಿಸ್ತಿನ ಅಪೋಲೊ, ಮಾತಿನ ಮಲ್ಲ ಹರ್ಮೀಸ್, ಕೈ ಮುಂದಾಗುವ ಏರೀಸ್, ಕುಲುಮೆಯ ಹೆಫೀಸ್ಟಸ್, ಉನ್ಮಾದದ ಡಯೊನೀಸಸ್ ಎಂಬುದೇ ಆ ಎಂಟು ಮಂದಿಯ ಪಂಕ್ತಿ.

ವಾರಪತ್ರಿಕೆಯ ರಾಶಿಭವಿಷ್ಯ ಓದುವಾಗ ಒಳ್ಳೆಯದೆಲ್ಲ ನಮ್ಮ ರಾಶಿಗೇ ಸರಿಯಾಗಿ ಹೊಂದುವಂತೆ, ಈ ಪಂಕ್ತಿಯಲ್ಲಿಯೂ ಪ್ರತಿಯೊಬ್ಬ ಗಂಡಸಿಗೆ ತನ್ನ ಜಾಗ ಥಟ್ಟನೆ ಕಂಡುಬಿಡುತ್ತದೆ. ಕೈಕೆಳಗೆ ನಾಲ್ಕು ಜನ ಇದ್ದವನು ತಾನು ಜೀಯಸ್ ಎಂದುಕೊಳ್ಳುತ್ತಾನೆ. ವೇಳೆಗೆ ಸರಿಯಾಗಿ ಎದ್ದು, ಲೆಕ್ಕ ಬರೆದಿಟ್ಟು, ಮಾತನ್ನು ತೂಗಿ ಆಡುವವನು ಅಪೋಲೊ ಆಗುತ್ತಾನೆ. ಯಾರೊಂದಿಗೂ ಬೆರೆಯದೆ ಕೋಣೆ ಸೇರಿಕೊಂಡವನು ಕೂಡ ಹೇಡೀಸನ ಹೆಸರು ಸಿಕ್ಕಿದ ಕೂಡಲೇ ತನ್ನ ಮೌನಕ್ಕೆ ಪಾತಾಳದ ಗಾಂಭೀರ್ಯವನ್ನು ಆರೋಪಿಸಿಕೊಳ್ಳುತ್ತಾನೆ. ಇದೇ ಪ್ರಶ್ನೆಯನ್ನು ಅವರವರ ಹೆಂಡತಿಯರಿಗೆ ಕೇಳಿದರೆ ಉತ್ತರಗಳು ಅದಲುಬದಲಾಗುವುದು ಖಂಡಿತ; ಆದರೆ ಸ್ವಭಾವ ವಿಂಗಡಣೆಯ ಶಾಸ್ತ್ರವು ಸಾಮಾನ್ಯವಾಗಿ ಅವರನ್ನು ಕೇಳುವ ಗೊಡವೆಗೆ ಹೋಗುವುದಿಲ್ಲ.

ಈ ಶಾಸ್ತ್ರದ ಬಗ್ಗೆ ನನ್ನ ತಕರಾರು ಅದು ಸುಳ್ಳೆಂಬುದಲ್ಲ. ಅದು ಬಹಳ ಗಂಭೀರವಾದುದೆಂಬುದು. ಹೋಮರನ ಕಾವ್ಯದಲ್ಲಿ ಈ ದೇವರುಗಳು ಹೀಗೆ ಬಿಗಿದ ಮುಖದಿಂದ ಕುಳಿತವರೇ ಅಲ್ಲ. ಇಲಿಯಡ್‌ನ ಐದನೆಯ ಸರ್ಗದಲ್ಲಿ ಯುದ್ಧದೇವತೆ ಏರೀಸನಿಗೆ ಡಯೊಮಿಡೀಸ್ ಎಂಬ ಮನುಷ್ಯಮಾತ್ರದವನು, ಏರೀಸನ ಅಕ್ಕ ಅಥೀನಾ ದೇವಿಯ ನೆರವಿನಿಂದ, ಕಿಬ್ಬೊಟ್ಟೆಗೆ ಈಟಿಯಿಂದ ತಿವಿಯುತ್ತಾನೆ. ಆಗ ಏರೀಸ್ ಒಂಬತ್ತು ಸಾವಿರವೋ ಹತ್ತು ಸಾವಿರವೋ ಯೋಧರು ಒಟ್ಟಿಗೆ ಅರಚಿದಂತೆ ಅರಚಿ, ನೇರವಾಗಿ ದೇವರುಗಳ ನೆಲೆಯಾದ ಒಲಿಂಪಸ್ ಬೆಟ್ಟಕ್ಕೆ ಓಡಿ, ಅಪ್ಪನ ಪಕ್ಕದಲ್ಲಿ ಕುಳಿತು, ಸುರಿಯುವ ರಕ್ತವನ್ನು ತೋರಿಸಿ ಅಕ್ಕನ ಮೇಲೆ ಚಾಡಿ ಹೇಳುತ್ತಾನೆ. ಜೀಯಸ್ ಅವನನ್ನು ಓರೆಗಣ್ಣಿನಿಂದ ನೋಡಿ, ನನ್ನ ಪಕ್ಕ ಕೂತು ಗೋಳಾಡಬೇಡ, ದೇವರುಗಳಲ್ಲೆಲ್ಲ ನಿನ್ನಷ್ಟು ನನಗೆ ಹಗೆಯಾದವನು ಇನ್ನೊಬ್ಬನಿಲ್ಲ, ನಿನಗೆ ನಿನ್ನ ತಾಯಿಯದೇ ಹಟ ಎಂದು ಗದರುತ್ತಾನೆ. ಗದರಿದ ಮೇಲೆ, ಎಷ್ಟಾದರೂ ಮಗನಲ್ಲವೇ ಎಂದು ವೈದ್ಯನನ್ನೂ ಕರೆಸುತ್ತಾನೆ. ಕೋಪವೇ ಪೌರುಷವೆಂದು ನಂಬಿದ ಗಂಡಸಿನ ಬಗ್ಗೆ ಇದಕ್ಕಿಂತ ಸೂಕ್ಷ್ಮವಾದ ಮನೋವಿಶ್ಲೇಷಣೆಯನ್ನು ನಾನು ಓದಿಲ್ಲ, ಆದರೆ ಇದರ ಜೀವವಿರುವುದು ನಗೆಯಲ್ಲಿ.

ಜೀಯಸ್‌ನದೂ ಅದೇ ಕಥೆ. ಹದಿನಾಲ್ಕನೆಯ ಸರ್ಗದಲ್ಲಿ ಹೀರಾ ಸಿಂಗರಿಸಿಕೊಂಡು ಐಡಾ ಬೆಟ್ಟಕ್ಕೆ ಬಂದಾಗ ಮೋಹಗೊಂಡ ಈ ಲೋಕಾಧಿಪತಿ, ಹೆಂಡತಿಯನ್ನು ಹೊಗಳುವ ಉತ್ಸಾಹದಲ್ಲಿ, ತಾನು ಹಿಂದೆ ಕೂಡಿದ ಏಳು ಮಂದಿ ಸ್ತ್ರೀಯರನ್ನು ಒಬ್ಬೊಬ್ಬರಾಗಿ ನೆನೆದು, ಅವರಾರ ಮೇಲೂ ನನಗೆ ಇಷ್ಟು ಆಸೆ ಹುಟ್ಟಿರಲಿಲ್ಲವೆಂದು ಹೇಳುತ್ತಾನೆ. ಹೀರಾ ಮರುಮಾತಿಲ್ಲದೆ ಅದನ್ನು ಕೇಳಿಸಿಕೊಳ್ಳುವುದಕ್ಕೆ ಕಾರಣವಿದೆ: ಅವಳು ಬಂದಿರುವುದೇ ಗಂಡನನ್ನು ಮಲಗಿಸಿ, ಅತ್ತ ಟ್ರಾಯ್ ಯುದ್ಧದಲ್ಲಿ ಪೊಸೈಡನ್ ಗ್ರೀಕರಿಗೆ ನೆರವಾಗಲು ಬಿಡುವು ಮಾಡಿಕೊಡುವುದಕ್ಕೆ. ಎಚ್ಚರಗೊಂಡ ಜೀಯಸ್ ಯುದ್ಧಭೂಮಿ ಬಿಟ್ಟು ತೊಲಗೆಂದು ತಮ್ಮನಿಗೆ ಹೇಳಿಕಳುಹಿಸಿದರೆ, ಪೊಸೈಡನ್ ಕೆರಳಿ ಹಳೆಯ ಪಾಲುಪಟ್ಟಿಯನ್ನು ತೆಗೆಯುತ್ತಾನೆ: ಚೀಟಿ ಎತ್ತಿದಾಗ ಅವನಿಗೆ ಆಕಾಶ, ನನಗೆ ಸಮುದ್ರ, ಹೇಡೀಸನಿಗೆ ಪಾತಾಳ ಬಂತು, ಭೂಮಿಯೂ ಒಲಿಂಪಸ್ಸೂ ಮೂವರಿಗೂ ಸೇರಿದ್ದು, ಅವನ ದರ್ಪವನ್ನು ಅವನ ಮಕ್ಕಳ ಮೇಲೆ ತೋರಿಸಲಿ ಎಂಬುದು ಅವನ ವಾದ. ವಾದ ಮಾಡಿ, ಕೊನೆಗೆ ಗೊಣಗುತ್ತ ಸಮುದ್ರಕ್ಕೆ ಹಿಂತಿರುಗುತ್ತಾನೆ. ಜಂಟಿ ಆಸ್ತಿಯ ಮನೆಗಳಲ್ಲಿ ಬೆಳೆದವರಿಗೆ ಈ ಪೊಸೈಡನ್ ಅಪರಿಚಿತನೇನಲ್ಲ.

ದೇವರುಗಳ ಈ ನಗೆಯನ್ನು ಕಿತ್ತುಹಾಕಿದ ಅಪವಾದವನ್ನು ಇಪ್ಪತ್ತನೆಯ ಶತಮಾನದ ಮನೋವೈದ್ಯರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಕ್ರಿ.ಪೂ. 6ನೆಯ ಶತಮಾನದಲ್ಲಿಯೇ ಗ್ರೀಕ್ ಕವಿಯೂ ತತ್ವಜ್ಞಾನಿಯೂ ಆದ ಕ್ಸೆನೊಫನೀಸ್, ಕುದುರೆಗಳಿಗೂ ಎತ್ತುಗಳಿಗೂ ಕೈಗಳಿದ್ದು ಚಿತ್ರ ಬರೆಯಲು ಬಂದಿದ್ದರೆ ಅವು ತಮ್ಮ ದೇವರನ್ನು ಕುದುರೆಯಂತೆಯೂ ಎತ್ತಿನಂತೆಯೂ ಬರೆಯುತ್ತಿದ್ದವು ಎಂದು ಕುಟುಕಿದ್ದನು. ಆ ಮಾತಿನಲ್ಲಿಯಾದರೂ ನಗೆ ಉಳಿದಿತ್ತು. ಮುಂದೆ ಪ್ಲೇಟೋ ತನ್ನ ಆದರ್ಶ ನಗರದ ಕಾವಲುಗಾರರ ಶಿಕ್ಷಣವನ್ನು ಯೋಜಿಸುವಾಗ, ದೇವರುಗಳು ತಡೆಯಲಾರದೆ ನಕ್ಕರೆಂಬ ಹೋಮರನ ಸಾಲನ್ನೇ ಎತ್ತಿಕೊಂಡು, ಇಂಥದ್ದನ್ನು ಎಳೆಯರಿಗೆ ಹೇಳಿಕೊಡಕೂಡದೆಂದು ವಿಧಿಸಿದನು. ಆ ಸಾಲಿನಲ್ಲಿ ದೇವರುಗಳು ನಗುವುದು ಹೆಫೀಸ್ಟಸ್‌ನನ್ನು ನೋಡಿ. ಎಂಟು ಮಂದಿಯಲ್ಲಿ ನನಗೆ ಹೆಚ್ಚು ಪ್ರಿಯನಾದವನು ಅವನು, ಆದ್ದರಿಂದ ಅವನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಇಲಿಯಡ್‌ನ ಮೊದಲನೆಯ ಸರ್ಗದ ಕೊನೆಯಲ್ಲಿ ಜೀಯಸ್ ಮತ್ತು ಹೀರಾ ಜಗಳವಾಡಿ ಔತಣದ ಮನೆಯಲ್ಲಿ ಎಲ್ಲರ ಮುಖವೂ ಬಾಡಿರುತ್ತದೆ. ಆಗ ಕುಂಟುಕಾಲಿನ ಹೆಫೀಸ್ಟಸ್ ಎದ್ದು ತಾಯಿ ಹೀರಾಳ ಕೈಗೆ ಪಾನಪಾತ್ರೆಯನ್ನಿತ್ತು, ಅಮ್ಮಾ, ಸಹಿಸಿಕೋ, ಹಿಂದೊಮ್ಮೆ ನಿನ್ನ ಪರ ನಿಂತದ್ದಕ್ಕೆ ಜೀಯಸ್ ನನ್ನ ಕಾಲು ಹಿಡಿದು ಎಸೆದಾಗ ನಾನು ದಿನವಿಡೀ ಬೀಳುತ್ತಲೇ ಇದ್ದು, ಹೊತ್ತು ಮುಳುಗುವಾಗ ಲೆಮ್ನಾಸ್ ದ್ವೀಪಕ್ಕೆ ಬಿದ್ದೆನಲ್ಲ ಎಂದು ತನ್ನ ಕಷ್ಟವನ್ನೇ ತಮಾಷೆಯ ಕಥೆಯಾಗಿ ಹೇಳುತ್ತಾನೆ. ಹೀರಾ ಮುಗುಳ್ನಗುತ್ತಾಳೆ. ಅನಂತರ ಅವನು ಎಲ್ಲರಿಗೂ ಅಮೃತವನ್ನು ಬಡಿಸುತ್ತ ಏದುಸಿರು ಬಿಟ್ಟುಕೊಂಡು ಓಡಾಡುವಾಗ ದೇವಸಭೆ ನಗೆಯಲ್ಲಿ ಮುಳುಗುತ್ತದೆ, ಜಗಳ ಮರೆತುಹೋಗುತ್ತದೆ. ಆ ಮನೆಯಲ್ಲಿ ಸಂಸಾರ ಉಳಿಸುವ ಉಪಾಯ ಗೊತ್ತಿದ್ದ ಗಂಡಸು ಅವನೊಬ್ಬನೇ ಎಂದು ನನ್ನ ಭಾವನೆ.

ಹದಿನೆಂಟನೆಯ ಸರ್ಗದಲ್ಲಿ ಎಸೆದವಳು ತಾಯಿಯೇ ಎಂದು ಅವನ ಬಾಯಿಂದಲೇ ಕೇಳುತ್ತೇವೆ. ಮಗು ಕುಂಟನೆಂದು ನಾಚಿ ಅವಳು ಬಿಸುಟಾಗ ಥೆಟಿಸ್ ಮತ್ತು ಯೂರಿನಮಿ ಎಂಬ ಜಲದೇವತೆಯರು ಅವನನ್ನು ಕಾಪಾಡಿದರು, ಅವರ ಗುಹೆಯಲ್ಲಿ ಅವನು ಒಂಬತ್ತು ವರ್ಷ ಆಭರಣಗಳನ್ನು ಮಾಡುತ್ತ ಕಳೆದನು. ಮನೋವೈದ್ಯರಿಗೆ ಒಂದು ಪತನವಿದ್ದರೆ ಸಾಕು. ಹೋಮರ್ ಎರಡನ್ನು ಕೊಟ್ಟಿದ್ದಾನೆ. ತಿರಸ್ಕೃತ ಶಿಶು, ಗಾಯದಿಂದ ಹುಟ್ಟಿದ ಕಲೆ ಎಂಬ ಆಧುನಿಕ ವ್ಯಾಖ್ಯಾನ ಇಲ್ಲಿಂದ ಸಲೀಸಾಗಿ ಹೊರಡುತ್ತದೆ. ಆದರೆ ಅದೇ ಥೆಟಿಸ್ ಮುಂದೆ ಮಗ ಅಕಿಲೀಸನಿಗೆ ಆಯುಧ ಕೇಳಲು ಬಂದಾಗ ನಡೆಯುವುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹೆಫೀಸ್ಟಸ್ ಆಗ, ತಾನಾಗಿಯೇ ದೇವಸಭೆಗೆ ಉರುಳಿ ಹೋಗಿ ತಾನಾಗಿಯೇ ಮರಳಿ ಬರುವ, ಚಿನ್ನದ ಗಾಲಿಗಳ ಇಪ್ಪತ್ತು ಮುಕ್ಕಾಲಿಗಳಿಗೆ ಹಿಡಿ ಜೋಡಿಸುವುದರಲ್ಲಿದ್ದನು. ಉಪಕಾರ ಮಾಡಿದವಳು ಬಂದಿದ್ದಾಳೆಂದು ತಿಳಿದೊಡನೆ ತಿದಿಗಳನ್ನು ಬೆಂಕಿಯಿಂದ ಸರಿಸಿ, ಉಪಕರಣಗಳನ್ನೆಲ್ಲ ಬೆಳ್ಳಿಯ ಪೆಟ್ಟಿಗೆಯಲ್ಲಿ ಎತ್ತಿಟ್ಟು, ಸ್ಪಂಜಿನಿಂದ ಮುಖ, ಕೈ, ಕತ್ತು, ರೋಮ ತುಂಬಿದ ಎದೆ ಎಲ್ಲವನ್ನೂ ಒರೆಸಿಕೊಂಡು, ಅಂಗಿ ತೊಟ್ಟು ಹೊರಗೆ ಬರುತ್ತಾನೆ. ಸಾಮಾನನ್ನು ಅದರ ಜಾಗದಲ್ಲಿಟ್ಟು, ಮುಖ ತೊಳೆದು, ಬಂದವರನ್ನು ಮಾತನಾಡಿಸುವ ಈ ಗುಣಕ್ಕೆ ಯಾವ ಸ್ವಭಾವ ಪರೀಕ್ಷೆಯಲ್ಲಿಯೂ ಅಂಕವಿಲ್ಲ.

ಇನ್ನು ಹೋಮರನ ಇನ್ನೊಂದು ಕಾವ್ಯವಾದ ಒಡಿಸ್ಸಿಯ ಎಂಟನೆಯ ಸರ್ಗದ ಬಲೆಯ ಪ್ರಸಂಗ. ಹೆಂಡತಿ ಆಫ್ರೊಡೈಟಿ ಏರೀಸನೊಂದಿಗೆ ಇರುವುದನ್ನು ಸೂರ್ಯನಿಂದ ತಿಳಿದ ಹೆಫೀಸ್ಟಸ್, ಕಣ್ಣಿಗೆ ಕಾಣದಷ್ಟು ನಯವಾದ ಸರಪಳಿಯ ಬಲೆಯನ್ನು ಹಾಸಿಗೆಗೆ ಹೂಡಿ ಇಬ್ಬರನ್ನೂ ಹಿಡಿದು, ದೇವರುಗಳನ್ನು ಕೂಗಿ ಕರೆಯುತ್ತಾನೆ. ದೇವಿಯರು ನಾಚಿ ಮನೆಯಲ್ಲಿಯೇ ಉಳಿದರೆ ದೇವರುಗಳು ಬಾಗಿಲಲ್ಲಿ ಗುಂಪುಗೂಡಿ ಕುಶಲ ಕರ್ಮವನ್ನು ಮೆಚ್ಚುತ್ತ ನಗುತ್ತಾರೆ. ಆಫ್ರೊಡೈಟಿಯ ಪಕ್ಕ ಮಲಗಲು ಸಿಕ್ಕರೆ ಈ ಸೆರೆ ನಿನಗೆ ಒಪ್ಪಿಗೆಯೇ ಎಂದು ಅಪೋಲೊ ಹರ್ಮೀಸನನ್ನು ಕೇಳಿದರೆ, ಇದರ ಮೂರರಷ್ಟು ಸರಪಳಿಯಾದರೂ ಚಿಂತೆಯಿಲ್ಲ ಎಂದು ಅವನು ಉತ್ತರಿಸುತ್ತಾನೆ. ನಗದವನು ಪೊಸೈಡನ್ ಒಬ್ಬನೇ. ದಂಡಕ್ಕೆ ತಾನು ಹೊಣೆಯೆಂದು ಹೇಳಿ ಬಿಡಿಸುವವನೂ ಅವನೇ. ಸಮುದ್ರದಂತೆ ಕೆರಳುವವನೆಂದು ಪಟ್ಟಿಯಲ್ಲಿ ಬರೆಸಿಕೊಂಡವನು ಇಲ್ಲಿ ಮನೆಯ ಹಿರಿಯನಾಗಿ ನಿಲ್ಲುತ್ತಾನೆ, ಎಲ್ಲದರಲ್ಲಿಯೂ ಮಿತವನ್ನು ಬೋಧಿಸುವ ಡೆಲ್ಫಿ ಪುಣ್ಯಕ್ಷೇತ್ರದ ಒಡೆಯ ಅಪೋಲೊ ಬಾಗಿಲಲ್ಲಿ ನಿಂತು ಪೋಲಿ ಪ್ರಶ್ನೆ ಕೇಳುತ್ತಾನೆ. ಅದೇ ಡೆಲ್ಫಿಯನ್ನು ಅವನು ಚಳಿಗಾಲದ ಮೂರು ತಿಂಗಳು ಡಯೊನೀಸಸ್‌ನಿಗೆ ಬಿಟ್ಟುಕೊಡುತ್ತಿದ್ದನೆಂಬ ನಂಬಿಕೆಯೂ ಗ್ರೀಕರಲ್ಲಿತ್ತು.

ಅಥೆನ್ಸ್ ನಗರದಲ್ಲಿ ಒಲಿಂಪಸ್ಸಿನ ಜೀಯಸ್‌ಗೆ ಕಟ್ಟಿದ ಮಹಾದೇವಾಲಯದ ನೂರನಾಲ್ಕು ಕಂಬಗಳಲ್ಲಿ ಇಂದು ನಿಂತಿರುವುದು ಹದಿನೈದು. ಹದಿನಾರನೆಯದು 1852ರ ಬಿರುಗಾಳಿಗೆ ಉರುಳಿ ಇನ್ನೂ ಅಲ್ಲಿಯೇ ಮಲಗಿದೆ. ಹಳೆಯ ಅಗೋರಾ ಚೌಕದ ಪಕ್ಕದ ದಿಬ್ಬದ ಮೇಲೆ, ಕಮ್ಮಾರರೂ ಕುಂಬಾರರೂ ಕೆಲಸ ಮಾಡುತ್ತಿದ್ದ ಕೇರಿಯ ಹತ್ತಿರ, ಕ್ರಿ.ಪೂ. 5ನೆಯ ಶತಮಾನದಲ್ಲಿ ಕಟ್ಟಿದ ಹೆಫೀಸ್ಟಸ್‌ನ ಗುಡಿ ಮಾತ್ರ ಮೂವತ್ತನಾಲ್ಕು ಕಂಬಗಳ ಸಮೇತ ನಿಂತಿದೆ. ನಡುವೆ ಶತಮಾನಗಳ ಕಾಲ ಅದು ಕ್ರೈಸ್ತರ ಇಗರ್ಜಿಯಾಗಿ ಬಳಕೆಯಲ್ಲಿದ್ದುದು ಅದರ ಉಳಿವಿಗೆ ದೊಡ್ಡ ಕಾರಣ. ಆದರೆ ಇಷ್ಟು ಚೆಂದದ ಗುಡಿ ಕುಂಟ ಕಮ್ಮಾರನದಿರಬಹುದೆಂದು ಜನರಿಗೆ ಬಹುಕಾಲ ಹೊಳೆಯಲೇ ಇಲ್ಲ. ಅದರ ಕೆತ್ತನೆಗಳಲ್ಲಿ ವೀರ ಥೀಸಿಯಸ್‌ನ ಸಾಹಸಗಳಿರುವುದನ್ನು ನೋಡಿ ಅದನ್ನು ಅವನ ಗುಡಿಯೆಂದೇ ಕರೆದರು, ಸುತ್ತಲಿನ ಬಡಾವಣೆಗೂ ಅವನ ಹೆಸರೇ ನಿಂತಿತು. ಇಂದಿಗೂ ಹೆಫೀಸ್ಟಸ್‌ನನ್ನು ನೋಡಲು ರೈಲಿನಲ್ಲಿ ಹೋಗುವವರು ಇಳಿಯಬೇಕಾದ ನಿಲ್ದಾಣ ಥಿಸ್ಸಿಯೊ.