ದೌ ಅಂದರೆ ‘ತಾವು’ ಅಲ್ಲ, ‘ನೀನು’

ನಿನ್ನೆ ಮಗಳ ಇಂಗ್ಲಿಷ್ ಗೈಡ್ ತಿರುವಿ ಹಾಕುತ್ತಿದ್ದೆ. ಹಳೇ ಪದ್ಯವೊಂದರಲ್ಲಿ ‘ದೌ’ (thou) ಅನ್ನುವ ಪದ ಬಂದಿತ್ತು. ಪಕ್ಕದಲ್ಲೇ ಅರ್ಥ: ‘ತಾವು, ಗೌರವಸೂಚಕ’. ಮನಸ್ಸಿಗೆ ಕಸಿವಿಸಿಯಾಯಿತು. ಇದು ಪೂರ್ತಿ ಉಲ್ಟಾ.

ದೌ ಅಂದರೆ ನಮ್ಮ ‘ನೀನು’. ದೀ (thee) ಅಂದರೆ ನಿನ್ನನ್ನು, ನಿನಗೆ. ದೈ (thy) ಅಂದರೆ ನಿನ್ನ. ಈಗ ಎಲ್ಲರಿಗೂ ಅನ್ನುವ ‘ಯೂ’ ಮೊದಲು ಬಹುವಚನವಾಗಿತ್ತು. 13ನೇ ಶತಮಾನದಿಂದೀಚೆಗೆ ಫ್ರೆಂಚ್ ಪ್ರಭಾವದಿಂದ ದೊಡ್ಡವರೊಬ್ಬರೇ ಇದ್ದರೂ ಯೂ ಅನ್ನುವ ರೂಢಿ ಬಂತು. ಥೇಟ್ ನಮ್ಮ ‘ನೀವು’. ಕ್ರಿಯಾಪದವೂ ಬೇರೆ: ದೌ ಹ್ಯಾಸ್ಟ್, ಯೂ ಹ್ಯಾವ್.

ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಮೂರನೇ ಅಂಕದಲ್ಲಿ ತಾಯಿ ಮಗನನ್ನು ಗದರುತ್ತಾಳೆ: ‘ಹ್ಯಾಮ್ಲೆಟ್, ನೀನು ನಿನ್ನ ತಂದೆಯ ಮನಸ್ಸು ನೋಯಿಸಿದ್ದೀಯ.’ ಅವಳು ಹೇಳೋದು ಮಲತಂದೆಯ ಬಗ್ಗೆ. ಮಗ ತಿರುಗಿ ಹೇಳುತ್ತಾನೆ: ‘ಅಮ್ಮಾ, ನೀವು ನನ್ನ ತಂದೆಯ ಮನಸ್ಸು ನೋಯಿಸಿದ್ದೀರಿ.’ ಮುಂದಿನ ಮಾತಿಗೇ ತಾಯಿಯೂ ದೌ ಬಿಟ್ಟು ಯೂಗೆ ಇಳಿಯುತ್ತಾಳೆ. ಇದನ್ನು ಹೇಳಿದಾಗ ಮಗಳು ತಕ್ಷಣ, ‘ನಿಂಗೆ ಸಿಟ್ಟು ಬಂದಾಗ ನನಗೆ, ನೀವು ದೊಡ್ಡವರು ಬಿಡಿ ಅಂತೀಯಲ್ವಾ, ಹಾಗೆ’ ಅಂದಳು. ಹೌದು, ಹಾಗೇ!

ಬೈಯೋಕೂ ದೌ ಬೇಕಿತ್ತು. 1603ರಲ್ಲಿ ಇಂಗ್ಲೆಂಡಿನ ನಾವಿಕ ಸರ್ ವಾಲ್ಟರ್ ರ‍್ಯಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ವಕೀಲ ಎಡ್ವರ್ಡ್ ಕೋಕ್ ಬೇಕಂತಲೇ ದೌ ಅಂದು ಹೀಗಳೆದ. ತುಂಬಿದ ಕೋರ್ಟಿನಲ್ಲಿ ಏಕವಚನ! ನಮ್ಮಲ್ಲೂ ‘ಏಕವಚನದಲ್ಲಿ ಮಾತಾಡಬೇಡಿ’ ಅಂತ ಎಷ್ಟು ಜಗಳ ಆಗಿಲ್ಲ?

ಮತ್ತೆ ಈ ‘ತಾವು’ ಎಲ್ಲಿಂದ ಬಂತು? ನನಗನ್ನಿಸೋದು, ಪ್ರಾರ್ಥನೆಯಿಂದ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ದೇವರಿಗೆ ದೌ ಅಂತಲೇ ಇದೆ. ಬೀದಿಯಲ್ಲಿ, ಮನೆಯಲ್ಲಿ ಆ ಮಾತು ಸವೆದುಹೋಯಿತು, ಪ್ರಾರ್ಥನೆಯಲ್ಲಿ ಉಳಿಯಿತು. ಬರ್ತಾ ಬರ್ತಾ ಅದು ಭಾರಿ ಗೌರವದ ಪದದ ಹಾಗೆ ಕೇಳಿಸತೊಡಗಿತು. ಆದರೆ ನಾವು ದೇವರಿಗೆ ‘ನೀವು ಕಾಪಾಡಿ’ ಅಂತೀವಾ? ‘ನೀನೇ ಕಾಪಾಡಪ್ಪಾ’ ಅಂತೀವಿ. ಹಳೇ ಕನ್ನಡ ಬೈಬಲ್‌ನಲ್ಲೂ ‘ನಿನ್ನ ನಾಮವು’ ಅಂತಲೇ ಇದೆ.

ಗೈಡ್ ಬರೆಯುವವರಿಗೆ, ಇಂಗ್ಲಿಷ್ ಮೇಷ್ಟ್ರುಗಳಿಗೆ ಒಂದು ಕೋರಿಕೆ. ದೌ ಬಂದ ಕಡೆ ‘ನೀನು’ ಅಂತ ಬರೆಯಿರಿ. ಇಂಗ್ಲೆಂಡಿನ ಬಹುತೇಕ ಮಕ್ಕಳಿಗೆ ಈಗ ಇರೋದು ಒಂದೇ ಯೂ. ಅವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ನಮ್ಮ ಮಕ್ಕಳು ಅದನ್ನು ದಿನಾ ಆಡುತ್ತಾರೆ. ಅವರಿಗೆ ಗೊತ್ತಿರೋದನ್ನ ನಾವೇ ತಪ್ಪು ಅರ್ಥ ಕೊಟ್ಟು ಮುಚ್ಚಿಹಾಕೋದು ಬೇಡ.