ಕಾಳಿ ನದಿಯಲ್ಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್

ಮಳೆಗಾಲ ಕಳೆದ ಮೇಲೆ ಗಣೇಶಗುಡಿಯಲ್ಲಿ ಕಾಳಿ ನದಿ ಹರಿಯುವುದು ಬೆಂಗಳೂರಿನ ಮರ್ಜಿಯ ಮೇಲೆ. ಮೇಲುಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಅದರ ಬುಡದಲ್ಲಿ ಕರೆಂಟ್ ತೆಗೆಯುವ 50 ಮೆಗಾವಾಟಿನ ಎರಡು ಯಂತ್ರ. ಯಂತ್ರ ತಿರುಗಿದರೆ ಕೆಳಗೆ ನೀರು, ನಿಂತರೆ ಬರೀ ಬಂಡೆ. ಯಾವಾಗ ತಿರುಗಬೇಕು ಎಂದು ಹೇಳುವವರು ಬೆಂಗಳೂರಿನ ಆನಂದರಾವ್ ಸರ್ಕಲ್ಲಿನಲ್ಲಿ ಕೂತಿರುತ್ತಾರೆ. ನಾವು ಅದೇ ಊರಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಕೊಂಡು ಬಂದಿದ್ದೆವು.

ಗೈಡ್ ಜೋಯಿಡಾ ಕಡೆಯ ಹುಡುಗ. ಅವನು ಲೈಫ್ ಜಾಕೆಟ್ಟಿನ ಬೆಲ್ಟ್ ಎಳೆದು ಬಿಗಿದ ರಭಸಕ್ಕೆ ಬೆಳಿಗ್ಗೆ ತಿಂದ ಅವಲಕ್ಕಿ ಮತ್ತೆ ಗಂಟಲಿಗೆ ಬಂತು. ಆಮೇಲೆ ಪಾಠ. ಹುಟ್ಟಿನ ಎರಡೂ ತುದಿಗೆ ಹಲಗೆ ಇದ್ದರೆ ಆ ದೋಣಿ ಕಯಾಕ್, ಒಂದೇ ತುದಿಗಿದ್ದರೆ ಕೆನೂ. "ಎಡಕ್ಕ ಎಳದ್ರ ದೋಣಿ ಬಲಕ್ಕ ಹೋಗ್ತದ್ರಿ. ಏನರ ಆಗ್ಲಿ, ಎದ್ದು ಮಾತ್ರ ನಿಂದರಬ್ಯಾಡ್ರಿ." ಎಲ್ಲರೂ ತಲೆಯಾಡಿಸಿದರು. ನಮ್ಮ ಮೀಟಿಂಗುಗಳಲ್ಲೂ ಹೀಗೇ ಆಡಿಸುತ್ತಾರೆ.

ಇಬ್ಬರ ಕಯಾಕ್ ಅಂದರೆ ಗಂಡಭೇರುಂಡ. ಮೈ ಒಂದೇ, ಮುಖ ಎರಡು ದಿಕ್ಕಿಗೆ. ದೋಣಿ ತಿರುಗಿಸುವ ಕೆಲಸ ಹಿಂದೆ ಕೂತವರದ್ದು. ಮೊದಲ ಮಹಡಿಯ ದಂಪತಿಯಲ್ಲಿ ಹಿಂದೆ ಕೂತಿದ್ದು ಹೆಂಡತಿ. ಮುಂದಿನಿಂದ ಗಂಡ "ಲೆಫ್ಟ್, ಲೆಫ್ಟ್" ಅನ್ನುತ್ತಿದ್ದರು. "ನಿಮ್ ಲೆಫ್ಟಾ, ನದೀ ಲೆಫ್ಟಾ?" ಎಂದು ಆಕೆ ಕೇಳುವಷ್ಟರಲ್ಲಿ ಕಯಾಕ್ ಪೂರ್ತಿ ತಿರುಗಿ ಅಣೆಕಟ್ಟಿನ ಕಡೆ ಮುಖ ಮಾಡಿತ್ತು. ಗಂಡ ನಮಗೆಲ್ಲ ಕೈ ಬೀಸಿದರು, ಬೇಕೆಂದೇ ತಿರುಗಿಸಿದವರ ಹಾಗೆ.

ಅಷ್ಟರಲ್ಲಿ ಮೇಲೊಂದು ಮಂಗಟ್ಟೆ ಹಕ್ಕಿ ಹಾರಿತು. ದಾಂಡೇಲಿ ಕಡೆ ಬಂದವರು ಇದನ್ನು ನೋಡದೆ ಹೋಗಬಾರದು ಅಂತಾರೆ. ದೊಡ್ಡ ಕೊಕ್ಕು, ರೆಕ್ಕೆ ಬಡಿತದ ಸದ್ದು ಕೆಳಗಿನವರೆಗೂ ಕೇಳುತ್ತದೆ. ಎಲ್ಲರೂ ಕತ್ತೆತ್ತಿದರು, ಹುಟ್ಟು ಹಾಕುವುದನ್ನು ಯಾರೂ ನಿಲ್ಲಿಸಲಿಲ್ಲ. ದೋಣಿಗಳು ಒಂದಕ್ಕೊಂದು ಸಿಕ್ಕಿಕೊಂಡು ಸಿಲ್ಕ್ ಬೋರ್ಡ್ ಆಯಿತು. ಹಾರ್ನ್ ಒಂದೇ ಕಡಿಮೆ.

ಇದ್ದ ಒಂದೇ ಕೆನೂ ನಮ್ಮ ಸೆಕ್ರೆಟರಿ ಮತ್ತು ಖಜಾಂಚಿಯ ಪಾಲಿಗೆ ಬಂದಿತ್ತು. ಜನರೇಟರಿನ ಡೀಸೆಲ್ ಲೆಕ್ಕದಲ್ಲಿ ಇಬ್ಬರಿಗೂ ಮಾತು ನಿಂತು ಬಹಳ ದಿನವಾಗಿತ್ತು. ಆಶ್ಚರ್ಯ ಅಂದರೆ ಅವರ ದೋಣಿಯೇ ನೇರ ಹೋಗುತ್ತಿತ್ತು. ಮಾತಿಲ್ಲದ ಕಡೆ ಲಯ ತಾನಾಗಿ ಬರುತ್ತದೆ ಅಂತ ಕಾಣುತ್ತದೆ.

ನೀರು ಇಳಿದಿದ್ದು ಆಗಲೇ. ಮೊದಲು ತಳ ಕರಕರ ಅಂದಿತು. ಆಮೇಲೆ ಒಂದೊಂದೇ ದೋಣಿ ಕಲ್ಲಿನ ಮೇಲೆ ಕೂತಿತು. "ಮಷೀನ್ ಬಂದ್ ಮಾಡ್ಯಾರ್ರಿ. ಬೆಂಗಳೂರಾಗ ಕರೆಂಟ್ ಬೇಕಾತಂದ್ರ ಬಿಡ್ತಾರ್ರಿ" ಅಂದ ಗೈಡ್, ಬಂಡೆಯ ಮೇಲೆ ಒರಗಿಕೊಂಡು.

ಸೆಕ್ರೆಟರಿಯ ಮುಖ ಅರಳಿತು. ಕಾರಿಡಾರಿನಲ್ಲಿ ಒಂದು ಬಲ್ಬ್ ಜಾಸ್ತಿ ಉರಿದರೆ ಗ್ರೂಪಿನಲ್ಲಿ ಫೋಟೋ ಹಾಕುವ ಮನುಷ್ಯ ಇವರು. ದೋಣಿಯಿಂದ ಇಳಿದು, ಎತ್ತರದ ಬಂಡೆ ಹತ್ತಿ, ಪ್ಲಾಸ್ಟಿಕ್ ಚೀಲದ ಸಮೇತ ಫೋನನ್ನು ಆಕಾಶಕ್ಕೆ ಹಿಡಿದರು. ಹೇಗೋ ಒಂದು ಕಡ್ಡಿ ನೆಟ್‌ವರ್ಕ್ ಸಿಕ್ಕಿತು. ವಾಚ್‌ಮನ್‌ಗೆ ಸ್ಪೀಕರಿನಲ್ಲಿ ಅಪ್ಪಣೆಯಾಯಿತು.

"ಎಲ್ಲಾ ಲೈಟ್ ಹಾಕು! ಸಂಪ್ ಮೋಟರ್ ಹಾಕು! ಎರಡೂ ಲಿಫ್ಟ್ ಸುಮ್ನೆ ಮೇಲೆ ಕೆಳಗೆ ಓಡಿಸ್ತಾ ಇರು!"

"ಸಾರ್, ಇಲ್ಲಿ ಕರೆಂಟೇ ಇಲ್ಲ ಸಾರ್. ಜನರೇಟರ್ ಹಾಕ್ಲಾ?"

"ಬೇಡ ಅನ್ರೀ!" ಎಂದು ಕೂಗುತ್ತಾ ಖಜಾಂಚಿ ಕೆನೂದಲ್ಲಿ ಎದ್ದು ನಿಂತರು. ಆ ದಿನ ಮಗುಚಿದ ದೋಣಿ ಅದೊಂದೇ, ಅದೂ ಪಾದ ಮುಳುಗುವಷ್ಟು ನೀರಿನಲ್ಲಿ.